ಪೊಲೀಸರಿಗೆ ಹೆಸರು ಕೊಡುವ ಮುನ್ನ

ಪವಾಯಿ, ಚಾಂದಿವಲಿ ಪರಿಸರದ ಬಹುಮಹಡಿ ಕಟ್ಟಡಗಳಲ್ಲಿ ಇಂದು ಸಾಕಷ್ಟು ಸಂಖ್ಯೆಯಲ್ಲಿ ತುಳು-ಕನ್ನಡಿಗರು ನೆಲೆಸಿದ್ದಾರೆ. ಸೊಸೈಟಿಗಳ ಕಾರ್ಯದರ್ಶಿ, ಕೋಶಾಧಿಕಾರಿ ಹುದ್ದೆಗಳಲ್ಲಿಯೂ ನಮ್ಮವರಿದ್ದಾರೆ. ಇಂತಹ ಸೊಸೈಟಿಯೊಂದರಲ್ಲಿ ಬಂಗಾರದ ಬಳೆಯೋ ಮೊಬೈಲೋ ಕಾಣೆಯಾದರೆ ಮೊದಲು ಏನಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಮನೆಗೆಲಸದ ಬಾಯಿ, ವಾಚ್‌ಮನ್, ಕಾರು ತೊಳೆಯುವ ಹುಡುಗ ಇವರ ಹೆಸರು ಪೊಲೀಸ್ ಠಾಣೆಗೆ ಹೋಗುತ್ತದೆ. ಹೆಸರು ಕೊಡುವವರು ನಾವೇ. ಸಾಕ್ಷ್ಯ ಇದೆಯೇ ಎಂದು ಯೋಚಿಸುವ ಮೊದಲೇ 'ಅವನು ಎಲ್ಲಿಯವನು, ಯಾವ ಜನ' ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯ ಹಿಂದೆ ಒಂದೂವರೆ ಶತಮಾನದ ಕಾನೂನಿನ ಇತಿಹಾಸವಿದೆ. ಅದನ್ನು ತಿಳಿದರೆ ಹೆಸರು ಕೊಡುವ ಮುನ್ನ ನಾವು ಎರಡು ಬಾರಿ ಯೋಚಿಸಿಯೇವು.

2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪೊಂದು ಈ ನಿಟ್ಟಿನಲ್ಲಿ ಗಮನಾರ್ಹ. ಅರ್ಜಿದಾರರು ಮುಂಬಯಿಯ ಪತ್ರಕರ್ತೆ ಸುಕನ್ಯಾ ಶಾಂತಾ. ದೇಶದ ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚಲಾಗುತ್ತದೆ ಎಂಬುದನ್ನು ಅವರು 2020ರಲ್ಲಿ ವರದಿ ಮಾಡಿದ್ದರು. ಇದು ಬರೀ ರೂಢಿಯ ಮಾತಲ್ಲ, ಜೈಲಿನ ನಿಯಮ ಪುಸ್ತಕಗಳಲ್ಲೇ ಬರೆದಿದ್ದ ಸಂಗತಿ. ಅಡುಗೆಗೆ ಬ್ರಾಹ್ಮಣ ಅಥವಾ ಮೇಲ್ಜಾತಿಯ ಹಿಂದೂ ಕೈದಿ, ಕಕ್ಕಸು ಶುಚಿಗೆ ಮೆಹತರ್ ಜಾತಿಯವನು ಎಂದು ರಾಜಸ್ಥಾನದ ಹಳೆಯ ನಿಯಮ ಹೇಳುತ್ತಿತ್ತು. ಸಾದಾ ಸಜೆಯ ಕೈದಿಗೆ ಕೀಳು ಕೆಲಸ ಕೊಡಕೂಡದು, ಆದರೆ ಅಂತಹ ಕೆಲಸ ಮಾಡಿ ರೂಢಿಯಿರುವ ಸಮುದಾಯದವನಾದರೆ ಕೊಡಬಹುದು ಎಂದಿತ್ತು ಉತ್ತರ ಪ್ರದೇಶದ ನಿಯಮ. ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ನೇತೃತ್ವದ ಪೀಠ ಇಂತಹ ನಿಯಮಗಳನ್ನೆಲ್ಲ ರದ್ದುಗೊಳಿಸಿತು. ಕೈದಿಗಳ ರಿಜಿಸ್ಟರ್‌ನಲ್ಲಿದ್ದ ಜಾತಿಯ ಕಾಲಂ ಅಳಿಸಬೇಕು, ಮೂರು ತಿಂಗಳೊಳಗೆ ನಿಯಮ ಪುಸ್ತಕಗಳನ್ನು ತಿದ್ದಬೇಕು ಎಂದು ರಾಜ್ಯಗಳಿಗೆ ಆದೇಶಿಸಿತು. ಸ್ವಾತಂತ್ರ್ಯ ಬಂದು 77 ವರ್ಷ ಕಳೆದ ಮೇಲೆ ಈ ಆದೇಶ ಬೇಕಾಯಿತು ಎಂಬುದೇ ಖೇದಕರ.

ಅದೇ ತೀರ್ಪು ಇನ್ನೊಂದು ವಿಚಾರವನ್ನೂ ಎತ್ತಿಕೊಂಡಿತು. ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ಕಾಣುವ ಪರಿಪಾಠ ಅದು. ಇದರ ಮೂಲ ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ. ಒಂದು ಇಡೀ ಸಮುದಾಯವನ್ನು ಅಪರಾಧಿ ಎಂದು ಘೋಷಿಸಿ, ಅದರ ಜನರು ಪೊಲೀಸರೆದುರು ಹಾಜರಿ ಹಾಕುವಂತೆ, ಪರವಾನಿಗೆ ಇಲ್ಲದೆ ಊರು ಬಿಡದಂತೆ ಮಾಡಿದ ಕಾನೂನಿದು. ನಮ್ಮ ಕನ್ನಡನಾಡಿಗೂ ಇದರ ಬಿಸಿ ತಟ್ಟಿದೆ. ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರ, ಸೊಲ್ಲಾಪುರಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಲ್ಲಿ ಇಂತಹ ಜನರಿಗಾಗಿ 'ಸೆಟ್ಲಮೆಂಟ್'ಗಳನ್ನು ನಿರ್ಮಿಸಲಾಯಿತು. ಕೊರವರು, ಹರಣಶಿಕಾರಿಗಳು, ಗಂಟಿಚೋರರು ಅಲ್ಲಿ ಬಂಧಿಗಳಂತೆ ಬಾಳಿದರು. ಗಂಟಿಚೋರ ಎಂದರೆ ಗಂಟು ಕದಿಯುವವ. ಸಮುದಾಯದ ಹೆಸರೇ ಹೀಗಿದ್ದ ಮೇಲೆ ಅಲ್ಲಿ ಹುಟ್ಟಿದ ಮಗು ಯಾವ ತಪ್ಪೂ ಮಾಡದೆಯೇ ಆರೋಪಿಯಾಯಿತು. ಹುಬ್ಬಳ್ಳಿಯ ಆ ಬಡಾವಣೆಗೆ ಇಂದಿಗೂ ಸೆಟ್ಲಮೆಂಟ್ ಎಂದೇ ಹೆಸರು.

1952ರ ಆಗಸ್ಟ್ 31ರಂದು ಈ ಕಾಯಿದೆ ದೇಶದಾದ್ಯಂತ ರದ್ದಾಯಿತು. ಆದರೆ ಅದರ ನೆರಳು ಉಳಿಯಿತು. ಮುಂಬಯಿ ರಾಜ್ಯ 1959ರಲ್ಲಿ, ನಮ್ಮ ಮೈಸೂರು ರಾಜ್ಯ 1961ರಲ್ಲಿ ರೂಢಿಗತ ಅಪರಾಧಿಗಳ ಕಾಯಿದೆ ತಂದವು. ಕಾಗದದ ಮೇಲೆ ಅದು ವ್ಯಕ್ತಿಗಳಿಗೆ ಸಂಬಂಧಿಸಿದ್ದು. ಆಚರಣೆಯಲ್ಲಿ ಪೊಲೀಸರ ಕಣ್ಣು ಮತ್ತೆ ಅದೇ ಸಮುದಾಯಗಳ ಮೇಲೆ ಬಿತ್ತು.

ಇಲ್ಲಿ ಒಂದು ಕುತೂಹಲದ ಸಂಗತಿ ಹೇಳಲೇಬೇಕು. ಅದೇ 1871ರಲ್ಲಿ ಅಮೆರಿಕ ಇನ್ನೊಂದು ಕಾನೂನು ಮಾಡಿತು. ಕಪ್ಪು ಜನರ ಮೇಲೆ ಕು ಕ್ಲುಕ್ಸ್ ಕ್ಲಾನ್ ನಡೆಸುತ್ತಿದ್ದ ದೌರ್ಜನ್ಯವನ್ನು ತಡೆಯಲು ಬಂದ ಆ ಕಾನೂನಿನ ಪ್ರಕಾರ, ಸರಕಾರಿ ಅಧಿಕಾರ ಬಳಸಿ ಹಕ್ಕು ಕಸಿದವನ ಮೇಲೆ ನೊಂದವರು ನೇರವಾಗಿ ದಾವೆ ಹೂಡಬಹುದು. 1958ರಲ್ಲಿ ಶಿಕಾಗೋದ 13 ಪೊಲೀಸರು ವಾರಂಟ್ ಇಲ್ಲದೆ ಕಪ್ಪು ಕುಟುಂಬವೊಂದರ ಮನೆಗೆ ನಸುಕಿನಲ್ಲಿ ನುಗ್ಗಿದರು. ಮನೆಯ ಯಜಮಾನನನ್ನು ಠಾಣೆಗೆ ಒಯ್ದು, ಯಾವ ಆರೋಪವನ್ನೂ ಹೊರಿಸದೆ ಬಿಟ್ಟರು. ಆ ಕುಟುಂಬ ಇದೇ ಕಾನೂನಿನಡಿ ದಾವೆ ಹೂಡಿತು. 1961ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ದಾವೆ ಹೂಡುವ ಹಕ್ಕನ್ನು ಎತ್ತಿಹಿಡಿಯಿತು. 1968ರಲ್ಲಿ ಅಲಬಾಮಾದ ಜೈಲುಗಳಲ್ಲಿ ಬಣ್ಣ ನೋಡಿ ಕೈದಿಗಳನ್ನು ಬೇರ್ಪಡಿಸುವ ಪದ್ಧತಿಯೂ ಬಿದ್ದುಹೋಯಿತು. ಅಲ್ಲಿ ಈಗ ಎಲ್ಲವೂ ಸರಿಯಿದೆ ಎಂದಲ್ಲ, 2020ರಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತದ್ದನ್ನು ಜಗತ್ತೇ ನೋಡಿದೆ. ಆದರೂ ಒಂದೇ ವರ್ಷದಲ್ಲಿ ಅಲ್ಲಿ ನೊಂದವನ ಕೈಗೆ ಅಸ್ತ್ರ ಸಿಕ್ಕಿತು, ಇಲ್ಲಿ ನೊಂದವನ ಹಣೆಗೆ ಮುದ್ರೆ ಬಿತ್ತು. ಈ ವ್ಯತ್ಯಾಸವನ್ನು ನಾವು ಮರೆಯಬಾರದು.

ನಮ್ಮಲ್ಲಿ ಪೊಲೀಸರ ತಪ್ಪಿಗೆ ಪರಿಹಾರ ಕೊಡಿಸುವ ದಾರಿಯನ್ನು ನ್ಯಾಯಾಲಯಗಳೇ ಒಂದೊಂದು ಪ್ರಕರಣದಲ್ಲಿ ಕಡಿದು ಮಾಡಬೇಕಾಯಿತು. ಬಿಹಾರದ ರುದುಲ್ ಸಾಹ ಎಂಬವರನ್ನು ದೋಷಮುಕ್ತರಾದ ಬಳಿಕವೂ 14 ವರ್ಷ ಜೈಲಿನಲ್ಲಿಡಲಾಗಿತ್ತು. 1983ರಲ್ಲಿ ಸಿಕ್ಕಿದ ಪರಿಹಾರ ಒಟ್ಟು 35,000 ರೂಪಾಯಿ. ನಮ್ಮ ಮಹಾರಾಷ್ಟ್ರದ ಉದಾಹರಣೆ ಇನ್ನೂ ಘೋರ. 2003ರಲ್ಲಿ ನಾಸಿಕ್ ಜಿಲ್ಲೆಯಲ್ಲಿ ನಡೆದ ದರೋಡೆ, ಕೊಲೆ ಪ್ರಕರಣದಲ್ಲಿ ಅಲೆಮಾರಿ ಸಮುದಾಯದ ಆರು ಮಂದಿ ಬಡ ಕೂಲಿಗಳನ್ನು ಬಂಧಿಸಲಾಯಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆರೂ ಮಂದಿಗೆ ಮರಣದಂಡನೆ ವಿಧಿಸಿತು. ಪ್ರಕರಣವನ್ನು ಮರಳಿ ಪರಿಶೀಲಿಸಿದ ಅದೇ ನ್ಯಾಯಾಲಯ 2019ರ ಮಾರ್ಚ್‌ನಲ್ಲಿ ಎಲ್ಲರನ್ನೂ ನಿರಪರಾಧಿಗಳೆಂದು ಬಿಡುಗಡೆ ಮಾಡಿತು. ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ರಾಜ್ಯ ಸರಕಾರಕ್ಕೆ ಆದೇಶಿಸಿತು. ಆದರೆ ಆ ಆರು ಮಂದಿಯ ಬದುಕಿನಿಂದ 16 ವರ್ಷ ಕಳೆದುಹೋಗಿತ್ತು. ಅವರಲ್ಲೊಬ್ಬ ಬಂಧನದ ವೇಳೆ ಬಾಲಕನಾಗಿದ್ದ.

ಪವಾಯಿಯಲ್ಲಿಯೂ ಇಂತಹ ಬಲಹೀನರ ಪಾಡು ನಮ್ಮ ಕಣ್ಣೆದುರೇ ಇದೆ. 2024ರ ಜೂನ್ 6ರಂದು ಇಲ್ಲಿನ ಜೈಭೀಮ್ ನಗರದ ನೂರಾರು ಝೋಪಡಿಗಳನ್ನು ಮಹಾನಗರ ಪಾಲಿಕೆ ಪೊಲೀಸ್ ಬಂದೋಬಸ್ತಿನಲ್ಲಿ ಕೆಡವಿತು. ಅಲ್ಲಿದ್ದ ಹೆಚ್ಚಿನವರು ಕಟ್ಟಡ ಕೆಲಸಕ್ಕೆ ಬಂದು ನೆಲೆಸಿದ ದಲಿತ ಹಾಗೂ ವಲಸೆ ಕಾರ್ಮಿಕರು. ಮಳೆಗಾಲದಲ್ಲಿ ಮನೆ ಕೆಡವಬಾರದೆಂಬ ಸರಕಾರಿ ಸುತ್ತೋಲೆಯೇ ಇದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ಸಂತ್ರಸ್ತರು ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಲೇರಿದರು, ನ್ಯಾಯಾಲಯ ವಿಶೇಷ ತನಿಖಾ ದಳಕ್ಕೆ ತನಿಖೆ ಒಪ್ಪಿಸಿತು. ನಾವು ವಾಸಿಸುವ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು ಇಂತಹ ಜನರೇ ಎಂಬುದನ್ನು ಮನಗಾಣಬೇಕು.

'ಇದೆಲ್ಲ ಸರಕಾರದ ಕೆಲಸ, ಕನ್ನಡ ಸಂಘಗಳಿಗೂ ಇದಕ್ಕೂ ಏನು ಸಂಬಂಧ' ಎಂದು ಕೇಳುವವರಿದ್ದಾರೆ. ಸಂಬಂಧ ಖಂಡಿತ ಇದೆ. ಅರುವತ್ತರ ದಶಕದ ಕೊನೆಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಈ ನಗರದಲ್ಲಿ ಚಳವಳಿ ನಡೆದಾಗ ನಮ್ಮ ಹೊಟೇಲುಗಳಿಗೆ ಕಲ್ಲು ಬಿದ್ದದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಮಾಡಿದ ತಪ್ಪಿಗಲ್ಲ, ಹುಟ್ಟಿದ ಊರಿಗೆ, ಆಡುವ ಭಾಷೆಗೆ ಸಿಕ್ಕಿದ ಶಿಕ್ಷೆ ಅದು. ಹೀಗೆ ನೊಂದವರಿಗೆ ಇನ್ನೊಬ್ಬನ ನೋವು ಬೇಗ ಅರ್ಥವಾಗಬೇಕು.

ಮೇಲಾಗಿ ಇಂದು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕೂಲಿಗಾಗಿ ಮುಂಬಯಿಗೆ ಬಂದು ನಾಕಾಗಳಲ್ಲಿ ನಿಲ್ಲುವವರೂ ಕನ್ನಡಿಗರೇ. ಅವರಿಗೆ ಮರಾಠಿ ಸರಿಯಾಗಿ ಬರದು, ವಕೀಲರ ಪರಿಚಯವಿಲ್ಲ, ಜಾಮೀನು ನಿಲ್ಲುವವರಿಲ್ಲ. ಠಾಣೆಯ ಬಾಗಿಲಲ್ಲಿ ಅವರ ಹೆಂಡಿರು ಯಾರನ್ನು ಕೇಳಬೇಕೆಂದು ತಿಳಿಯದೆ ನಿಲ್ಲುತ್ತಾರೆ. 2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳು. ಜಾಮೀನು ಮಂಜೂರಾದರೂ ಹಣವಿಲ್ಲದೆ ಒಳಗೇ ಉಳಿಯುವವರೂ ಇದ್ದಾರೆ.

ಕಾನೂನು ಅವರ ಪರವಾಗಿಯೂ ಇದೆ, ತಿಳಿಸುವವರು ಬೇಕು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಮನೆಯವರಿಗೆ ತಿಳಿಸಬೇಕು. ಏಳು ವರ್ಷದವರೆಗಿನ ಸಜೆಯ ಪ್ರಕರಣಗಳಲ್ಲಿ ಕಾರಣವಿಲ್ಲದೆ ಬಂಧಿಸಕೂಡದು ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೇಳಿದೆ. ಮನೆಗೆಲಸದವರ ಮೇಲಿನ ಕಳ್ಳತನದ ಆರೋಪ ಈ ಮಿತಿಯೊಳಗೇ ಬರುತ್ತದೆ. 2025ರ ನವೆಂಬರ್‌ನಲ್ಲಿ ಮುಂಬಯಿಯದೇ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು ಎಂದಿತು. ಅಂದರೆ ಕನ್ನಡ ಮಾತ್ರ ಬಲ್ಲವನಿಗೆ ಕನ್ನಡದಲ್ಲೇ ಕೊಡಬೇಕು. ಭಾಷೆಯ ಸೇವೆಯೇ ಧ್ಯೇಯವಾಗಿರುವ ಸಂಘಗಳಿಗೆ ಇದಕ್ಕಿಂತ ಸೂಕ್ತ ಕೆಲಸ ಬೇರೆ ಯಾವುದಿದೆ?

ಮುಂಬಯಿಯ ರಾತ್ರಿ ಶಾಲೆಗಳಲ್ಲಿ ಓದಿ ವಕೀಲರಾದವರು ನಮ್ಮಲ್ಲಿ ಅನೇಕರಿದ್ದಾರೆ. ಪ್ರತಿಯೊಂದು ಸಂಘ ಇಂತಹ ಒಬ್ಬಿಬ್ಬರನ್ನು ಕೇಳಿಕೊಂಡು ಅವರ ದೂರವಾಣಿ ಸಂಖ್ಯೆಯನ್ನು ನಾಕಾಗಳಲ್ಲಿ, ಝೋಪಡಪಟ್ಟಿಗಳಲ್ಲಿ ಕನ್ನಡದಲ್ಲಿ ಹಂಚಬಹುದು. ಉಚಿತ ವಕೀಲರನ್ನು ಒದಗಿಸುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಡಬಹುದು. ಠಾಣೆಯಲ್ಲಿ, ಕೋರ್ಟಿನಲ್ಲಿ ದುಭಾಷಿಯಾಗಿ ನಿಲ್ಲಬಹುದು. ವಾರ್ಷಿಕೋತ್ಸವ, ಯಕ್ಷಗಾನ, ಪ್ರತಿಭಾ ಪುರಸ್ಕಾರ ಎಲ್ಲವೂ ನಡೆಯಲಿ, ಅವುಗಳ ವೆಚ್ಚದ ಒಂದು ಸಣ್ಣ ಪಾಲು ಈ ಕೆಲಸಕ್ಕೂ ಸಾಕಾಗುತ್ತದೆ.

ಸೊಸೈಟಿಗಳಲ್ಲಿರುವ ನಮ್ಮವರು ಮಾಡಬೇಕಾದದ್ದು ಇನ್ನೂ ಸುಲಭ, ಖರ್ಚೂ ಇಲ್ಲ. ಕಳವಾದರೆ ದೂರು ಕೊಡೋಣ, ಅದು ನಮ್ಮ ಹಕ್ಕು. ಕಂಡದ್ದನ್ನು, ಗೊತ್ತಿರುವುದನ್ನು ಬರೆಯೋಣ, ಸಿಸಿಟಿವಿ ದೃಶ್ಯಗಳನ್ನು ಒಪ್ಪಿಸೋಣ. ಆದರೆ ಬಡವ ಎಂಬ ಕಾರಣಕ್ಕೆ, ಇಂಥ ಜನ ಎಂಬ ಕಾರಣಕ್ಕೆ ಯಾರ ಹೆಸರನ್ನೂ ಸೇರಿಸದಿರೋಣ. ಹಾಗೆ ಸೇರಿಸಿದ ಹೆಸರು ಠಾಣೆಯ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಕಳವಿನಲ್ಲಿ ಮತ್ತೆ ಹೊರಬರುತ್ತದೆ. ಕಳೆದುಹೋದ ಬಳೆ ಹಾಸಿಗೆಯಡಿ ಸಿಕ್ಕಿದರೂ ಆ ಹುಡುಗನಿಗೆ ಕೈತಪ್ಪಿದ ಕೆಲಸ, ಹೋದ ಮಾನ ಮರಳಿ ಸಿಗದು.