ಸಹಿ ಹುಡುಗನದು, ಮಾತು ಎಐನದು



ಉದ್ಯೋಗ ಮೇಳಗಳಲ್ಲೂ ಕಾಲೇಜುಗಳ ಪ್ಲೇಸ್‌ಮೆಂಟ್ ತರಬೇತಿಗಳಲ್ಲೂ ಈಗ ಮಕ್ಕಳಿಗೆ ಹೇಳಿಕೊಡುವುದು ಒಂದೇ ಪಾಠ: ಕೆಲಸದ ಜಾಹೀರಾತನ್ನೂ ನಿಮ್ಮ ಹಳೆಯ ರೆಸ್ಯೂಮೆಯನ್ನೂ ಚಾಟ್‌ಜಿಪಿಟಿಗೋ ಜೆಮಿನಿಗೋ ಹಾಕಿ, ‘ಇದಕ್ಕೆ ತಕ್ಕಂತೆ ಬರೆದುಕೊಡು’ ಎನ್ನಿ, ಎರಡು ನಿಮಿಷದಲ್ಲಿ ಸಿದ್ಧ. ಬರೆದುಕೊಟ್ಟದ್ದನ್ನು ಹೇಗೆ ಪರೀಕ್ಷಿಸಬೇಕು, ಯಾವುದನ್ನು ಹೊಡೆದುಹಾಕಬೇಕು ಎಂಬುದನ್ನು ನಾನು ಕೂತು ಕೇಳಿದ ಮೂರು ತರಬೇತಿಗಳಲ್ಲಿ ಒಬ್ಬರೂ ಹೇಳಲಿಲ್ಲ. ಇದಕ್ಕೆ ನನ್ನ ಬಲವಾದ ಆಕ್ಷೇಪವಿದೆ.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ. ಕಳೆದ ವರ್ಷ ನಮ್ಮ ಹುಡುಗನೊಬ್ಬ ಪೀಣ್ಯದ ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋದ. ರಜೆಯಲ್ಲಿ ಸೋದರಮಾವನ ವರ್ಕ್‌ಶಾಪಿನಲ್ಲಿ ಒಂದೂವರೆ ತಿಂಗಳು ಲೇತ್ ಮೇಲೆ ದುಡಿದಿದ್ದ. ಥ್ರೆಡ್ ಕಟಿಂಗ್ ಅವನಿಗೆ ಚೆನ್ನಾಗಿ ಕೈಹತ್ತಿತ್ತು. ಜಾಹೀರಾತಿನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರ, ಎಂದಿತ್ತು. ಅವನು ರೆಸ್ಯೂಮೆ ಬರೆಸಿದ ಎಐ ಅವನ ಲೇತ್ ಕೆಲಸವನ್ನೇ ‘ಸಿಎನ್‌ಸಿ ಪ್ರೋಗ್ರಾಮಿಂಗ್ ಅನುಭವ’ ಮಾಡಿತು, ನಾಲ್ವರ ತಂಡವನ್ನು ಮುನ್ನಡೆಸಿದ್ದಾನೆ ಎಂದೂ ಸೇರಿಸಿತು. ಅವನು ನಿಜವಾಗಿ ಬಲ್ಲ ಥ್ರೆಡ್ ಕಟಿಂಗ್, ಮೈಕ್ರೋಮೀಟರ್ ಅಳತೆ ಎರಡನ್ನೂ ಕೈಬಿಟ್ಟಿತ್ತು. ಸಂದರ್ಶಕರು ಕೇಳಿದ್ದು ಸಹಜವಾದ ಪ್ರಶ್ನೆ: ‘ನೀನು ಓಡಿಸಿದ ಮಷೀನಿನ ಕಂಟ್ರೋಲರ್ ಯಾವುದು, ಫಾನುಕ್ಕೋ ಸೀಮೆನ್ಸೋ? ಟೂಲ್ ಆಫ್‌ಸೆಟ್ ಹೇಗೆ ತೆಗೆಯುತ್ತಿದ್ದೆ?’ ಪುಸ್ತಕದಲ್ಲಿ ಓದಿದ್ದನೇ ಹೊರತು ಕೈಯಾರೆ ಮಾಡಿರಲಿಲ್ಲ. ತಲೆ ತಗ್ಗಿಸಿ ಕೂತ. ಲೇತ್ ಬಗ್ಗೆ ಅವರು ಕೇಳಲೇ ಇಲ್ಲ.

‘ಸರ್, ಅದನ್ನು ನಾನು ಬರೆದಿರಲಿಲ್ಲ’ ಎಂದ ನನ್ನ ಹತ್ತಿರ ಬಂದು. ನಿಜವೇ. ಆದರೆ ರೆಸ್ಯೂಮೆಯ ಕೊನೆಯಲ್ಲಿ, ಮೇಲಿನ ವಿವರಗಳೆಲ್ಲ ಸತ್ಯವೆಂದು ಘೋಷಿಸುವ ಸಾಲಿನ ಕೆಳಗೆ ಇದ್ದದ್ದು ಅವನ ಸಹಿ.

ಎಐಗೆ ಸುಳ್ಳು ಹೇಳಬೇಕೆಂಬ ದುರುದ್ದೇಶವೇನೂ ಇಲ್ಲ. ಎಂಥ ಜಾಹೀರಾತಿನ ಜೊತೆ ಎಂಥ ಮಾತು ಬರುತ್ತದೆ ಎಂದು ಊಹಿಸಿ ಪದಕ್ಕೆ ಪದ ಜೋಡಿಸುತ್ತ ಹೋಗುವುದು ಅದರ ಕೆಲಸ. ಬರೀ ‘ಹೊಂದಿಸು’ ಎಂದರೆ ಖಾಲಿ ಇರುವ ಕಡೆ ತುಂಬಿಬಿಡುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ‘ಅಸಿಸ್ಟೆಡ್’ ಇದ್ದಲ್ಲಿ ‘ಸ್ಪಿಯರ್‌ಹೆಡೆಡ್’ ಬಂದು ಕೂತರೆ, ಸಹಾಯ ಮಾಡಿದವನು ಮುಂದಾಳು ಆಗಿಬಿಟ್ಟ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಇಂಗ್ಲಿಷ್ ಚೆನ್ನಾಗಿದೆ ಎಂದು ಖುಷಿಪಡುತ್ತಾರೆ. ಈಗ ನಾನು ಅವರಿಗೆ ಹೇಳುವುದು, ಆ ರೆಸ್ಯೂಮೆಯನ್ನೇ ಸರಳ ಕನ್ನಡದಲ್ಲಿ ಹೇಳು ಎಂದು ಎಐಯನ್ನು ಕೇಳಿ ಎಂದು. ‘ನಾನು ನಾಲ್ವರ ತಂಡವನ್ನು ಮುನ್ನಡೆಸಿದ್ದೇನೆ’ ಎಂದು ಕನ್ನಡದಲ್ಲಿ ಕಂಡ ಕೂಡಲೇ, ‘ಅಯ್ಯೋ, ಇಲ್ಲ ಸರ್’ ಎನ್ನುತ್ತಾರೆ.

ಕಂಪನಿಗಳೂ ಸಾಫ್ಟ್‌ವೇರ್ ಇಟ್ಟುಕೊಂಡೇ ಅರ್ಜಿಗಳನ್ನು ಸೋಸುತ್ತವೆ, ಜಾಹೀರಾತಿನ ಪದಗಳು ಇಲ್ಲದಿದ್ದರೆ ನಮ್ಮ ಅರ್ಜಿ ಮನುಷ್ಯರ ಕಣ್ಣಿಗೇ ಬೀಳುವುದಿಲ್ಲ ಎನ್ನುವವರಿದ್ದಾರೆ. ಆ ಭಯ ನನಗೆ ಅರ್ಥವಾಗುತ್ತದೆ. ನೇಮಕಾತಿಗೆ ಇಂಥ ಸಾಧನ ಬಳಸುವವರು ಅದರಲ್ಲಿ ಪಕ್ಷಪಾತವಿದೆಯೇ ಎಂದು ಸ್ವತಂತ್ರ ಪರಿಶೋಧನೆ ಮಾಡಿಸಬೇಕೆಂಬ ಕಾನೂನನ್ನು ನ್ಯೂಯಾರ್ಕ್ ನಗರ 2023ರ ಜುಲೈನಿಂದ ಜಾರಿ ಮಾಡುತ್ತಿದೆ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ ಅರ್ಜಿ ಸೋಸುವ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿದೆ. ನಮ್ಮಲ್ಲೂ ಅಂಥ ಕಟ್ಟುಪಾಡು ಬರಬೇಕು. ಅದು ಬರುವ ತನಕ ಮಕ್ಕಳು ತಾವು ಮಾಡದ ಕೆಲಸವನ್ನು ಮಾಡಿದ್ದೇವೆಂದು ಸಹಿ ಹಾಕುತ್ತಿರಬೇಕೆ?

ಎಐ ಬೇಡವೆಂದು ನಾನು ಹೇಳುತ್ತಿಲ್ಲ. ಅದರ ಹಗ್ಗ ಮಕ್ಕಳ ಕೈಯಲ್ಲಿರಲಿ. ಮಾಡಿದ ಕೆಲಸ, ಮಾಡಿದ ಸ್ಥಳ, ಎಷ್ಟು ದಿನ, ಯಾವ ಮಷೀನು, ಇವನ್ನೆಲ್ಲ ಮೊದಲು ಅವರೇ ಕನ್ನಡದಲ್ಲಾದರೂ ಬರೆದಿಟ್ಟುಕೊಳ್ಳಲಿ. ‘ಇದರಲ್ಲಿ ಇರುವುದನ್ನು ಆರಿಸು, ಹಿಂದೆ ಮುಂದೆ ಮಾಡು, ಚಿಕ್ಕದು ಮಾಡು, ಇಲ್ಲದ್ದನ್ನು ಸೇರಿಸಬೇಡ, ಅಂಕಿ ಹಾಕಬೇಡ, ಅನುಮಾನವಿದ್ದರೆ ನನ್ನನ್ನೇ ಕೇಳು’ ಎಂದು ಹೇಳಲಿ. ಹೀಗೆ ಹೇಳಿದರೂ ಅದು ಕೆಲವೊಮ್ಮೆ ಮೀರುತ್ತದೆ. ಹಾಗಾಗಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಲೇಬೇಕು. ಆಧಾರ್ ಸಂಖ್ಯೆ, ಜಾತಿ, ಮನೆ ವಿಳಾಸ ಇರುವ ಹಳೆಯ ಬಯೊಡೇಟಾವನ್ನು ಇದ್ದ ಹಾಗೆಯೇ ಎಐಗೆ ಹಾಕುವ ಅಭ್ಯಾಸವೂ ನಿಲ್ಲಬೇಕು.

ಬರುವ ಸಾಲಿನ ಪ್ಲೇಸ್‌ಮೆಂಟ್ ಶುರುವಾಗುವ ಮೊದಲು ತಾಂತ್ರಿಕ ಶಿಕ್ಷಣ ಇಲಾಖೆ ಎಲ್ಲ ಪಾಲಿಟೆಕ್ನಿಕ್‌ಗಳಿಗೆ ಒಂದು ಸುತ್ತೋಲೆ ಕಳಿಸಲಿ: ಎಐ ರೆಸ್ಯೂಮೆ ಹೇಳಿಕೊಡುವ ತರಬೇತಿಯಲ್ಲಿ ಪ್ರತಿ ವಿದ್ಯಾರ್ಥಿಯೂ ಉಪನ್ಯಾಸಕರ ಎದುರು ಕೂತು, ಪ್ರತಿ ಸಾಲಿಗೂ ‘ಇದನ್ನು ಎಲ್ಲಿ, ಯಾವಾಗ ಮಾಡಿದೆ’ ಎಂಬುದಕ್ಕೆ ಉತ್ತರ ಹೇಳಬೇಕು, ಉತ್ತರವಿಲ್ಲದ ಸಾಲನ್ನು ಅಲ್ಲೇ ಹೊಡೆದುಹಾಕಬೇಕು. ಒಬ್ಬರಿಗೆ ಅರ್ಧ ಗಂಟೆ ಸಾಕು. ನಮ್ಮ ವಿಭಾಗದಲ್ಲಿ ನಾವು ಈಗಾಗಲೇ ಮಾಡುತ್ತಿದ್ದೇವೆ.

— ಪಾಲಿಟೆಕ್ನಿಕ್ ಉಪನ್ಯಾಸಕ, ತುಮಕೂರು