ಕೈಗೆ ಬಂದ ಮೇಲೆ ಕಾಸು

ಭಾರತದಲ್ಲಿ ಆನ್‌ಲೈನ್ ವ್ಯಾಪಾರ ಬೆಳೆದದ್ದು ಹೇಗೆ ಎಂದು ಕೇಳಿದರೆ ಕಂಪನಿಗಳು ತಮ್ಮ ಸಾಹಸವನ್ನು ಹೇಳುತ್ತವೆ. ಕೋರಮಂಗಲದ ಫ್ಲ್ಯಾಟು, ಇಬ್ಬರು ಗೆಳೆಯರು, ಆಮೇಲೆ ಹರಿದು ಬಂದ ವಿದೇಶಿ ಬಂಡವಾಳ. ನೋಡದ ಅಂಗಡಿಯನ್ನು ನಂಬಿ ದುಡ್ಡು ಕೊಟ್ಟ ನಾವು ಆ ಕಥೆಯಲ್ಲಿ ಎಲ್ಲೂ ಬರುವುದಿಲ್ಲ.

ಇಂಟರ್‌ನೆಟ್ ನಮಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಮೂಲಕ. 1998ರ ಕೊನೆಗೆ ಖಾಸಗಿಯವರಿಗೂ ಅನುಮತಿ ಸಿಕ್ಕಿತು. ಬೆನ್ನಲ್ಲೇ ಜಾಲತಾಣದ ಅಂಗಡಿಗಳು ಬಂದವು. ದಲ್ಲಾಳಿ ಹೋಗುತ್ತಾನೆ, ಬೆಲೆ ಇಳಿಯುತ್ತದೆ, ಸಾಮಾನು ಮನೆಬಾಗಿಲಿಗೇ ಬರುತ್ತದೆ ಎಂದರು. ಸಾಮಾನು ಬಂತು. ದಲ್ಲಾಳಿ ಹೋಗಲಿಲ್ಲ, ಹಳಬನ ಜಾಗಕ್ಕೆ ಹೊಸಬ ಬಂದು ಕೂತ.

1999ರಲ್ಲಿ ಬೆಂಗಳೂರಿನಲ್ಲೇ ಫ್ಯಾಬ್‌ಮಾರ್ಟ್ ಶುರುವಾಯಿತು. ದೇಶದ ಮೊದಲ ಆನ್‌ಲೈನ್ ಅಂಗಡಿಗಳಲ್ಲಿ ಅದೂ ಒಂದು. ಕ್ರೆಡಿಟ್ ಕಾರ್ಡ್ ಇದ್ದವರೇ ವಿರಳ, ಇದ್ದವರಿಗೂ ಅದರ ನಂಬರನ್ನು ಕಂಪ್ಯೂಟರಿಗೆ ಒಪ್ಪಿಸಲು ಭಯ. ಕೆಲವೇ ವರ್ಷಗಳಲ್ಲಿ ಅದೇ ಮಂದಿ ಫ್ಯಾಬ್‌ಮಾಲ್ ಎಂಬ ಹೆಸರಿನಲ್ಲಿ ಬೀದಿಯ ಮೇಲೆ ದಿನಸಿ ಅಂಗಡಿ ತೆರೆದರು. ಗ್ರಾಹಕ ಮುಟ್ಟಿ ನೋಡಿ ಕೊಳ್ಳಬೇಕೆಂದಿದ್ದ. ಅದನ್ನು ಹಿಂದುಳಿದಿರುವಿಕೆ ಎಂದು ಕರೆದವರು ಅವನ ಅನುಭವವನ್ನು ವಿಚಾರಿಸಲಿಲ್ಲ.

ಮೊದಲು ನಿಜವಾಗಿ ಗೆದ್ದದ್ದು ರೈಲು ಟಿಕೆಟ್. 2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ಆನ್‌ಲೈನ್ ಬುಕಿಂಗ್ ಆರಂಭಿಸಿದಾಗ ಟಿಕೆಟ್ ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. ನಾವೇ ಮುದ್ರಿಸಿಕೊಳ್ಳುವ ಇ-ಟಿಕೆಟ್ ಬಂದದ್ದು 2005ರಲ್ಲಿ. ಟಿಕೆಟಿನಲ್ಲಿ ಕಳಪೆ ಮಾಲು ಎಂಬುದಿಲ್ಲ, ಬೋಗಿ ಸಂಖ್ಯೆ ಎಲ್ಲಿ ಕೊಂಡರೂ ಅದೇ. ಪುಸ್ತಕದ್ದೂ ಅದೇ ಗುಣ. 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕದಿಂದಲೇ ಶುರು ಮಾಡಿದ್ದು ಸುಮ್ಮನೆ ಅಲ್ಲ. ಮೋಸಕ್ಕೆ ಎಡೆ ಕಡಿಮೆ ಇರುವ ಕಡೆ ಮಾತ್ರ ಜನ ಕೈ ಹಾಕಿದರು.

ಉಳಿದ ಸಾಮಾನಿಗೆ ಬಾಗಿಲು ತೆರೆದದ್ದು ಕ್ಯಾಷ್ ಆನ್ ಡೆಲಿವರಿ. ಫ್ಲಿಪ್‌ಕಾರ್ಟ್ ಅದನ್ನು ತಂದದ್ದು 2010ರಲ್ಲಿ. ಆಮೇಲೆ ಉಳಿದವರೂ ತಂದರು. 2013ರಲ್ಲಿ ಇಲ್ಲಿಗೆ ಬಂದ ಅಮೆಜಾನ್‌ಗೂ ತಪ್ಪಿಸಿಕೊಳ್ಳಲಾಗಲಿಲ್ಲ. ಇದನ್ನು ಹೊಸ ಆವಿಷ್ಕಾರ ಎಂದು ಕೊಂಡಾಡಿದರು. ವಿ.ಪಿ.ಪಿ.ಯಲ್ಲಿ ಪುಸ್ತಕ ತರಿಸಿ, ಅಂಚೆಯಣ್ಣನ ಕೈಗೆ ಹಣ ಎಣಿಸಿ ಕೊಡುತ್ತಿದ್ದ ನಮ್ಮ ಹಿರಿಯರಿಗೆ ಇದರಲ್ಲಿ ಹೊಸದೇನೂ ಇರಲಿಲ್ಲ.

ವಿ.ಪಿ.ಪಿ.ಯ ತೊಡಕೂ ಹಾಗೆಯೇ ಬಂತು. ಮೊದಲು ಹಣ, ಆಮೇಲೆ ಪೊಟ್ಟಣ ಒಡೆಯಬೇಕು. ಮೊಬೈಲ್ ಬದಲು ಸೋಪು ಬಂದಿದ್ದರೆ ಗೊತ್ತಾಗುವುದು ಡೆಲಿವರಿ ಹುಡುಗ ಮೆಟ್ಟಿಲಿಳಿದ ಮೇಲೆ. ತೆರೆದು ತೋರಿಸಿ ಕೊಡುವ ವ್ಯವಸ್ಥೆ ಈಗ ಕೆಲವು ದುಬಾರಿ ಸಾಮಾನಿಗೆ ಇದೆ. ಐನೂರು ರೂಪಾಯಿಯ ಚಪ್ಪಲಿ ಕೊಳ್ಳುವವನ ಐನೂರೂ ದುಡ್ಡೇ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹಾಗಿದ್ದರೂ ಆ ಕಾಲದಲ್ಲಿ ಗ್ರಾಹಕನ ಕೈಯಲ್ಲಿದ್ದ ಏಕೈಕ ಹಿಡಿತ ಇದು. ಸಾಮಾನು ಬರಲಿ, ಕಾಸು ಕೊಡುತ್ತೇನೆ ಎನ್ನಬಹುದಿತ್ತು. ಇನ್ನೊಂದು ರಕ್ಷಣೆ ಬಂದದ್ದು ರಿಸರ್ವ್ ಬ್ಯಾಂಕಿನಿಂದ. 2009ರ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಹಂತದ ದೃಢೀಕರಣ ಕಡ್ಡಾಯವಾಯಿತು. ವ್ಯಾಪಾರಕ್ಕೆ ಅಡ್ಡಿ ಎಂದು ಕಂಪನಿಗಳು ಗೊಣಗಿದವು, ರಿಸರ್ವ್ ಬ್ಯಾಂಕ್ ಜಗ್ಗಲಿಲ್ಲ. ಅದಕ್ಕೆ ಕೃತಜ್ಞತೆ ಹೇಳಲೇಬೇಕು, ಏಕೆಂದರೆ ದೆಹಲಿಯ ಕಚೇರಿಗಳಲ್ಲಿ ಯಾರೂ ನಮ್ಮ ಪರವಾಗಿ ಅಷ್ಟು ಗಟ್ಟಿಯಾಗಿ ನಿಂತದ್ದಿಲ್ಲ.

ಕಾನೂನಿನ ತಾರೀಖುಗಳನ್ನೇ ನೋಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದದ್ದು 2000ದ ಅಕ್ಟೋಬರ್‌ನಲ್ಲಿ. 2004ರಲ್ಲಿ ಬಾಜಿ ಡಾಟ್ ಕಾಮ್ ಎಂಬ ಮಾರಾಟದ ಜಾಲತಾಣದಲ್ಲಿ ಯಾರೋ ಮಾರಾಟಕ್ಕಿಟ್ಟ ಅಶ್ಲೀಲ ವಿಡಿಯೊಗಾಗಿ ಅದರ ಮುಖ್ಯಸ್ಥರನ್ನೇ ಬಂಧಿಸಲಾಯಿತು. ಆ ಬಂಧನ ಅತಿಯಾಯಿತು ಎಂದು ಉದ್ಯಮ ಹೇಳಿದ್ದರಲ್ಲಿ ನ್ಯಾಯವಿತ್ತು. ಕಾಯ್ದೆಗೆ ತಿದ್ದುಪಡಿಯಾಗಿ, 2009ರ ಅಕ್ಟೋಬರ್‌ನಿಂದ ಜಾಲತಾಣಗಳಿಗೆ ಅಗಲವಾದ ಕಾನೂನು ರಕ್ಷಣೆ ಸಿಕ್ಕಿತು. ಕೊಳ್ಳುವವನಿಗೆ ಇಂಥದ್ದೇ ಪ್ರತ್ಯೇಕ ನಿಯಮ ಸಿಗಲು ಇನ್ನೂ ಹನ್ನೊಂದು ವರ್ಷ ಕಾಯಬೇಕಾಯಿತು.

ಈ ನಡುವೆ ವಿದೇಶಿ ಹೂಡಿಕೆಯ ನಿಯಮ ಬೇರೆ. ವಿದೇಶಿ ಬಂಡವಾಳವಿರುವ ಜಾಲತಾಣ ತಾನೇ ದಾಸ್ತಾನು ಇಟ್ಟು ಚಿಲ್ಲರೆಯಾಗಿ ಮಾರುವಂತಿಲ್ಲ, ಮಾರುವವರಿಗೆ ವೇದಿಕೆಯಾಗಿ ಮಾತ್ರ ಇರಬಹುದು. ಸಣ್ಣ ಅಂಗಡಿಯವರನ್ನು ಉಳಿಸುವುದು ಇದರ ಉದ್ದೇಶ. ಆದದ್ದೇನು? ನಾವು ಆರ್ಡರ್ ಮಾಡುವುದು ಒಂದು ಹೆಸರಿಗೆ, ಬಿಲ್ಲಿನಲ್ಲಿ ಬರುವುದು ಕೇಳಿಯೇ ಇರದ ಇನ್ನೊಂದು ಹೆಸರು. ಸಾಮಾನು ಕೆಟ್ಟರೆ ಜಾಲತಾಣ ಮಾರಿದವನತ್ತ ಕೈ ತೋರಿಸುತ್ತದೆ, ಮಾರಿದವನು ಕೊರಿಯರ್‌ನವರತ್ತ ತೋರಿಸುತ್ತಾನೆ. ಹಣ ಪಡೆಯುವಾಗ ಮಾತ್ರ ಮೂವರಲ್ಲೂ ಗೊಂದಲವಿರಲಿಲ್ಲ.

2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ಬಿಗ್ ಬಿಲಿಯನ್ ಡೇ ರಿಯಾಯಿತಿ ಮಾರಾಟ ನೆನಪಿರಬೇಕು. ಜಾಲತಾಣ ಕುಸಿಯಿತು, ಆರ್ಡರ್‌ಗಳು ರದ್ದಾದವು, ರಿಯಾಯಿತಿಗೆ ಮೊದಲು ಬೆಲೆ ಏರಿಸಿದ್ದಾರೆ ಎಂದು ಜನ ಸಿಟ್ಟಾದರು. ಮರುದಿನ ಫ್ಲಿಪ್‌ಕಾರ್ಟ್ ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ದೊಡ್ಡತನವೇ. ಆದರೆ ರಿಯಾಯಿತಿಯ ಮೂಲ ಬೆಲೆ ನಿಜವೇ ಎಂದು ಪರೀಕ್ಷಿಸಲು ಗ್ರಾಹಕನಿಗೆ ಆ ದಿನವೂ ದಾರಿಯಿರಲಿಲ್ಲ, ಇವತ್ತೂ ಸುಲಭದ ದಾರಿಯಿಲ್ಲ.

ಹುಬ್ಬಳ್ಳಿಯಲ್ಲಿ ಕೊಂಡವನು ದೂರು ಕೊಡಬೇಕಾದರೆ ಕಂಪನಿಯ ಷರತ್ತುಗಳ ಕೊನೆಯಲ್ಲಿ ಸಣ್ಣ ಅಕ್ಷರದ ಸಾಲೊಂದಿರುತ್ತಿತ್ತು: ವ್ಯಾಜ್ಯವೇನಿದ್ದರೂ ಕಂಪನಿಯ ಊರಿನ ಕೋರ್ಟಿನಲ್ಲಿ. 1986ರ ಗ್ರಾಹಕ ಕಾಯ್ದೆಯಲ್ಲಿ ಗ್ರಾಹಕ ವಾಸವಿರುವ ಊರಿಗೆ ಬೆಲೆಯಿರಲಿಲ್ಲ. ಎರಡು ಸಾವಿರದ ಮಿಕ್ಸರ್‌ಗಾಗಿ ದೆಹಲಿಗೆ ಯಾರು ಹೋಗುತ್ತಾರೆ? ಯಾರೂ ಹೋಗುವುದಿಲ್ಲ ಎಂದು ಆ ಸಾಲು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

2020ರ ಜುಲೈನಲ್ಲಿ ಜಾರಿಯಾದ ಹೊಸ ಕಾಯ್ದೆ ಇದನ್ನು ಸರಿಪಡಿಸಿದೆ. ನಾವಿರುವ ಜಿಲ್ಲೆಯಲ್ಲೇ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ. ಅದರ ಜೊತೆಗೇ ಬಂದ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. 48 ಗಂಟೆಯ ಭಾಗ ಚೆನ್ನಾಗಿ ಪಾಲನೆಯಾಗುತ್ತಿದೆ, ಏಕೆಂದರೆ ಆ ಉತ್ತರವನ್ನು ಯಂತ್ರವೇ ಕಳಿಸುತ್ತದೆ.

ಈಗ ಆ ಹಳೆಯ ಹಿಡಿತಕ್ಕೇ ಕೈ ಹಾಕಿದ್ದಾರೆ. ಮನೆಬಾಗಿಲಲ್ಲಿ ಹಣ ಕೊಡುತ್ತೇವೆ ಎಂದರೆ ಕೆಲವು ಜಾಲತಾಣಗಳು ಬೇರೆ ಬೇರೆ ಹೆಸರಿನ ಶುಲ್ಕ ಸೇರಿಸುತ್ತವೆ. ಇದರ ವಿಚಾರಣೆ ನಡೆಸುವುದಾಗಿ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಹೇಳಿದರು. ವಿಚಾರಣೆಯಲ್ಲಿ ಕಂಡದ್ದನ್ನು ಕಂಪನಿಗಳ ಹೆಸರಿನೊಂದಿಗೇ ಜನರ ಮುಂದಿಡಬೇಕು. ಯಾವ ಕಂಪನಿಗೆ ಎಷ್ಟು ದೂರು ಬಂದವು, ತಿಂಗಳೊಳಗೆ ಎಷ್ಟು ತೀರಿದವು ಎಂಬ ಪಟ್ಟಿಯೂ ತಿಂಗಳು ತಿಂಗಳು ಹೊರಬರಬೇಕು.

ಅಲ್ಲಿಯವರೆಗೆ ಓದುಗರು ಬಿಲ್ಲು ಎಸೆಯಬೇಡಿ, ಪೊಟ್ಟಣ ಒಡೆಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ನಿಮ್ಮ ಜಿಲ್ಲೆಯ ಆಯೋಗಕ್ಕೆ ದೂರು ಕೊಡಿ, ಮೊತ್ತ ಸಣ್ಣದೆಂದು ಬಿಡಬೇಡಿ.