ಹಂಪಿ ಹಾಳಾಗಲು ಒಂದೇ ಕಾರಣ ಸಾಕೇ?

ಹಂಪಿ ನೋಡಲು ಬರುವವರಿಗೆ ಸಿಗೋ ಕಥೆ ಸಾಮಾನ್ಯವಾಗಿ ಒಂದೇ: 1565ರಲ್ಲಿ ಸುಲ್ತಾನರು ಒಂದಾದರು, ವಿಜಯನಗರ ಹಾಳಾಯ್ತು. ರಾಬರ್ಟ್ ಸಿವೆಲ್ 1900ರಲ್ಲಿ ಬರೆದ ಪುಸ್ತಕ ಇದಕ್ಕೆ ಧರ್ಮಸಂಘರ್ಷದ ಚೌಕಟ್ಟು ಹಾಕಿತು.

ಆದರೆ 1542ರಲ್ಲಿ ಅಚ್ಯುತರಾಯ ತೀರಿಕೊಂಡ ಮೇಲೆ ಅವನ ಮಗ ವೆಂಕಟನನ್ನು ಕೊಂದವನು ಸೋದರಮಾವ ಸಲಕರಾಜು ತಿರುಮಲ. ಅವನನ್ನು ಮುಗಿಸಿದ ಅಳಿಯ ರಾಮರಾಯ, ಸದಾಶಿವನನ್ನು ಗದ್ದುಗೆಯಲ್ಲಿ ಕೂರಿಸಿ ಅಧಿಕಾರ ತಾನೇ ಹಿಡಿದ. ಮುಂದೆ ಬಿಜಾಪುರದ ಆದಿಲ್ ಶಾಹನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದ. ಆಗ ಧರ್ಮ ಅಡ್ಡ ಬರಲಿಲ್ಲ.

ಸುಲ್ತಾನರ ಸೈನ್ಯ ಲೂಟಿ ಮಾಡಿದ್ದು ನಿಜ. ನನ್ನ ತಕರಾರು ಇಷ್ಟೇ: ಅರಮನೆಯ ಒಳಜಗಳ ಬಿಟ್ಟು ಕಥೆ ಹೇಳಿದರೆ, ನಾಲ್ಕೂವರೆ ಶತಮಾನದ ಹಳೇ ಲೆಕ್ಕವನ್ನು ಇವತ್ತಿನ ಪಕ್ಕದ ಮನೆಯವರಿಂದ ವಸೂಲಿ ಮಾಡೋ ಮಾತು ಶುರುವಾಗುತ್ತೆ.